ಕೋಟೆಯ ಮುಖ, ಕೊಟ್ಟಿಗೆಯ ಮೈ: ಹಳೆಯ ಡ್ರಿಲ್ ಹಾಲ್ ಕೊಳ್ಳಬಹುದೇ?

ಓದುಗರ ಪ್ರಶ್ನೆ: ನಮಸ್ಕಾರ ಸರ್. ಉತ್ತರ ಇಂಗ್ಲೆಂಡಿನ ಒಂದು ಹಳೆಯ ಬಟ್ಟೆಗಿರಣಿ ಊರಿನಲ್ಲಿ ನಾವು ಅರವತ್ತು ಚಿಲ್ಲರೆ ಕನ್ನಡ ಕುಟುಂಬಗಳಿದ್ದೇವೆ. ಯುಗಾದಿ, ಗಣಪತಿ ಹಬ್ಬ, ರಾಜ್ಯೋತ್ಸವ ಅಂತ ಪ್ರತಿ ಸಲವೂ ಶಾಲೆಯದೋ ಚರ್ಚಿನದೋ ಹಾಲ್ ಬಾಡಿಗೆಗೆ ಹುಡುಕಿ ಸಾಕಾಗಿದೆ. ಈಗ ಊರಿನ ಹಳೆಯ ಡ್ರಿಲ್ ಹಾಲ್, ಅಂದರೆ ಹಿಂದೆ ಸೈನಿಕರು ಕವಾಯತು ಮಾಡುತ್ತಿದ್ದ ಕಟ್ಟಡ, ಮಾರಾಟಕ್ಕೆ ಬಂದಿದೆ. 1890ರ ದಶಕದ್ದು, ಗ್ರೇಡ್ 2 ಪಟ್ಟಿಯಲ್ಲಿರುವ, ಅಂದರೆ ಕಾನೂನಿನ ರಕ್ಷಣೆಯಿರುವ ಪಾರಂಪರಿಕ ಕಟ್ಟಡ. ರಸ್ತೆಗೆ ಕೋಟೆಯ ಹಾಗೆ ಬುರುಜು, ಅದರ ಹಿಂದೆ 110 ಅಡಿ ಉದ್ದ, 50 ಅಡಿ ಅಗಲದ ಕಂಬವೇ ಇಲ್ಲದ ಹಾಲ್, ಅದರ ಪಕ್ಕಕ್ಕೆ ಓಣಿಯಂಥ ಉದ್ದನೆಯ ಕೋಣೆ. ಮಾಡು ಎರಡು ಮೂರು ಕಡೆ ಸೋರುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿದಿದೆ. ಒಂದು ಪಕ್ಕದ ಗೋಡೆ ಹೊರಕ್ಕೆ ಉಬ್ಬಿದೆ. ಸಮಿತಿಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮಿಲಿಟರಿಯವರು ಕಟ್ಟಿದ್ದು, ಬಾಂಬ್ ಬಿದ್ದರೂ ಜಗ್ಗದು ಎನ್ನುತ್ತಾರೆ ಒಬ್ಬರು. ಯಾವತ್ತು ತಲೆ ಮೇಲೆ ಬೀಳುತ್ತದೋ ಎನ್ನುತ್ತಾರೆ ಇನ್ನೊಬ್ಬರು. ಅಡ್ಡಕ್ಕೆ ಹಾದಿರುವ ಕಬ್ಬಿಣದ ಸರಳುಗಳನ್ನು ತೆಗೆಸಿದರೆ ಬ್ಯಾಡ್ಮಿಂಟನ್‌ಗೂ ಯಕ್ಷಗಾನದ ಲೈಟಿಂಗ್‌ಗೂ ಅನುಕೂಲ, ಫಾಲ್ಸ್ ಸೀಲಿಂಗ್ ಹಾಕಿಸಿದರೆ ಬೆಚ್ಚಗಿರುತ್ತದೆ ಎಂಬ ಸಲಹೆಯೂ ಇದೆ. ಒಳಗಿನಿಂದ ಫೋಮ್ ಹೊಡೆದರೆ ಸೋರುವುದು ನಿಲ್ಲುತ್ತದೆ ಅಂತ ಬಿಲ್ಡರ್ ಒಬ್ಬರು ಹೇಳಿದರು. ಆ ಉದ್ದ ಕೋಣೆಯಲ್ಲಿ ಮಕ್ಕಳಿಗೆ ಶನಿವಾರದ ಕನ್ನಡ ತರಗತಿ ನಡೆಸುವ ಆಸೆ ನಮಗೆ. ಕೊಳ್ಳಬಹುದೇ? ಏನೇನು ನೋಡಬೇಕು?

ಉತ್ತರ:

ಮಾಡು, ತುಕ್ಕು, ಗೋಡೆ. ನಿಮ್ಮನ್ನು ಕಾಡುತ್ತಿರುವ ಈ ಮೂರಕ್ಕೂ ದಾರಿಯಿದೆ. ಪತ್ರ ಓದುವಾಗ ನನಗೆ ಹೆದರಿಕೆಯಾಗಿದ್ದು ಕೊನೆಯಲ್ಲಿ ನೀವು ಸಲೀಸಾಗಿ ಬರೆದ ಸಾಲಿಗೆ. ಆ ಓಣಿಯಂಥ ಕೋಣೆಗೆ ಮಕ್ಕಳನ್ನು ಇನ್ನೂ ಕರೆದುಕೊಂಡು ಹೋಗಿಲ್ಲ ತಾನೆ? ಹೋಗಿದ್ದರೂ ಗಾಬರಿ ಬೇಡ, ಆದರೆ ಇನ್ನು ಮೇಲೆ ಬೇಡವೇ ಬೇಡ. ನೀವು ವರ್ಣಿಸಿದ ಆಕಾರ ನೋಡಿದರೆ ಅದು ಬಹುತೇಕ ಗುಂಡು ಹಾರಿಸುವ ಅಭ್ಯಾಸದ ಕೋಣೆ, ರೈಫಲ್ ರೇಂಜ್. ಅದರ ವಿಷಯಕ್ಕೆ ಮುಂದೆ ಬರುತ್ತೇನೆ. ಮೊದಲು ಈ ಕಟ್ಟಡ ಯಾಕೆ ಹೀಗಿದೆ ಎಂದು ಹೇಳಬೇಕು, ಅದು ಗೊತ್ತಾದರೆ ಸಮಿತಿಯ ಅರ್ಧ ಜಗಳ ತಾನಾಗಿ ಮುಗಿಯುತ್ತದೆ.

"ಮಿಲಿಟರಿಯವರು ಕಟ್ಟಿದ್ದು" ಎನ್ನುವುದೇ ಪೂರ್ತಿ ಸರಿಯಲ್ಲ. 1859ರಲ್ಲಿ ಫ್ರಾನ್ಸಿನ ಮೂರನೇ ನೆಪೋಲಿಯನ್ ದಂಡೆತ್ತಿ ಬರುತ್ತಾನೆಂಬ ಗುಲ್ಲು ಬ್ರಿಟನ್ನಿನ ತುಂಬ ಹಬ್ಬಿತ್ತು. ಆ ವರ್ಷದ ಮೇ ತಿಂಗಳಲ್ಲಿ ಸರ್ಕಾರ ಊರೂರಿನ ಜನ ಸ್ವಯಂಸೇವಕ ಪಡೆ ಕಟ್ಟಿಕೊಳ್ಳಲು ಒಪ್ಪಿಗೆ ಕೊಟ್ಟಿತು. ಗುಮಾಸ್ತರು, ಅಂಗಡಿಯವರು, ಗಿರಣಿ ಕೆಲಸಗಾರರು ಕೆಲಸ ಮುಗಿಸಿ ಸಂಜೆ ಬಂದು ಕವಾಯತು ಮಾಡುವ ಪಡೆಗಳು ಅವು. ಒಪ್ಪಿಗೆಯೇನೋ ಸಿಕ್ಕಿತು, ಕಟ್ಟಡಕ್ಕೆ ದುಡ್ಡು ಸಿಗಲಿಲ್ಲ. ಮೊದಮೊದಲು ಮೈದಾನದಲ್ಲಿ, ಕೊಟ್ಟಿಗೆಗಳಲ್ಲಿ, ಊರಿನ ಸಭಾಂಗಣದಲ್ಲಿ ಅಭ್ಯಾಸ ನಡೆಯಿತು. ಇಂಗ್ಲೆಂಡಿನ ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು, ಮೇಲೆ ಮಳೆ. ಸೂರೊಂದು ಬೇಕೇ ಬೇಕಾಯಿತು. 1863ರ ಕಾಯ್ದೆಯ ನಂತರ, ಗೊತ್ತುಪಡಿಸಿದಷ್ಟು ತರಬೇತಿ ಮುಗಿಸಿದ ಪ್ರತಿಯೊಬ್ಬನ ಲೆಕ್ಕದಲ್ಲಿ ತಲೆಗಿಷ್ಟು ಎಂದು ಸರ್ಕಾರ ಕೊಡತೊಡಗಿತು. ಉಳಿದದ್ದು ಊರಿನ ಚಂದಾ, ಗಿರಣಿ ಮಾಲೀಕರ ದೇಣಿಗೆ, ಸಹಾಯಾರ್ಥ ಸಂತೆ. ನೀವು ಈಗ ಕೈಹಾಕಲು ಹೊರಟಿರುವ ಕೆಲಸವನ್ನೇ ಆ ಊರಿನವರು ನೂರಿಪ್ಪತ್ತೈದಕ್ಕೂ ಹೆಚ್ಚು ವರ್ಷದ ಹಿಂದೆ ಮಾಡಿದ್ದರು ಅನ್ನಿ.

ಹೀಗಾಗಿ ಸೇನಾ ಬ್ಯಾರಕ್ಕುಗಳಿಗೆ ಇದ್ದಂತೆ ಒಂದೇ ಅಚ್ಚಿನ ಸರ್ಕಾರಿ ನಕ್ಷೆ ಆ ಕಾಲದ ಡ್ರಿಲ್ ಹಾಲ್‌ಗಳಿಗೆ ಇರಲಿಲ್ಲ. ಎಷ್ಟೋ ಕಡೆ ಅದೇ ಪಡೆಯಲ್ಲಿ ಅಧಿಕಾರಿಯಾಗಿದ್ದ ಊರಿನ ವಾಸ್ತುಶಿಲ್ಪಿಯೇ ನಕ್ಷೆ ಬರೆಯುತ್ತಿದ್ದ. ಅವನ ಮುಂದಿದ್ದ ಲೆಕ್ಕ ಸರಳ. ಇರುವ ಹಣದಲ್ಲಿ ಸ್ವಲ್ಪವನ್ನು ರಸ್ತೆಯಿಂದ ಕಾಣುವ ಮುಖಕ್ಕೆ ಸುರಿ, ಮಿಕ್ಕಿದ್ದರಲ್ಲಿ ಹಿಂದೆ ಎಷ್ಟು ಅಗಲವಾಗುತ್ತದೋ ಅಷ್ಟು ಅಗಲದ ಸೂರು ಹೊದಿಸು. ಕೋಟೆಯ ಮುಖ, ಕೊಟ್ಟಿಗೆಯ ಮೈ.

ಆ ಬುರುಜು ಯಾರ ದಾಳಿಯನ್ನೂ ತಡೆಯಲು ಕಟ್ಟಿದ್ದಲ್ಲ. ಅಮೆರಿಕದ ಕಥೆ ಸ್ವಲ್ಪ ಬೇರೆ. 1877ರ ರೈಲ್ವೆ ಮುಷ್ಕರದ ಗಲಭೆಯ ನಂತರ ಅಲ್ಲಿನ ನಗರಗಳಲ್ಲಿ ಎದ್ದ ಆರ್ಮರಿಗಳಿಗೆ (ಡ್ರಿಲ್ ಹಾಲ್‌ಗಳಿಗೆ ಅಲ್ಲಿನ ಹೆಸರು) ಕೋಟೆಯ ರೂಪ ಬಂದದ್ದರ ಹಿಂದೆ ಜನಜಂಗುಳಿಯ ಭಯ ನಿಜಕ್ಕೂ ಇತ್ತು. ಬ್ರಿಟನ್ನಿನಲ್ಲಿ ಅದು ಬಹುಪಾಲು ಠೀವಿ, ಹೊಸ ಹುಡುಗರನ್ನು ಸೆಳೆಯುವ ಬೋರ್ಡು. ಒಂದು ಕೋಣೆ ಮಾತ್ರ ಇದಕ್ಕೆ ಹೊರತು. ಬಂದೂಕು ಇಡುತ್ತಿದ್ದ ಶಸ್ತ್ರಾಗಾರದ ಗೋಡೆ ದಪ್ಪ, ಕಿಟಕಿಗೆ ಸರಳು, ಬಾಗಿಲಿಗೆ ಕಬ್ಬಿಣದ ತಗಡು. ಬಂದೂಕು ಕದ್ದಾರು ಎಂಬ ಭಯ, ಅದರಲ್ಲೂ ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಶಸ್ತ್ರ ಹಿಡಿದಿದ್ದ ಫೀನಿಯನ್ನರ ಭಯ, ಆ ದಿನಗಳಲ್ಲಿ ಸುಮ್ಮನೆ ಇರಲಿಲ್ಲ. ಮುಂಭಾಗದ ಕಟ್ಟಡದಲ್ಲಿ ಅಂಥದೊಂದು ಕೋಣೆ ನಿಮಗೂ ಸಿಗಬಹುದು. ಸಂಘದ ವೀಣೆ, ಮೃದಂಗ, ಸೌಂಡ್ ಸಿಸ್ಟಮ್ ಇಡಲು ಅದಕ್ಕಿಂತ ಭದ್ರ ಜಾಗ ಬೇರೆ ಬೇಡ.

ಹಾಲ್‌ನ ಪಕ್ಕದ ಗೋಡೆಗಳೋ, ಹೆಚ್ಚಿನ ಕಡೆ ಒಂದೇ ಇಟ್ಟಿಗೆ ದಪ್ಪ, 9 ಅಂಗುಲ. ಹತ್ತು ಹನ್ನೆರಡು ಅಡಿಗೊಂದರಂತೆ ಗೋಡೆಯಿಂದ ಸ್ವಲ್ಪ ಮುಂದೆ ಚಾಚಿದ ಇಟ್ಟಿಗೆ ಕಂಬಗಳಿರುತ್ತವೆ. ಮಾಡಿನ ಭಾರ ಇಳಿಯುವುದು ಅವುಗಳ ಮೇಲೆ. ನಡುವಿನ ಗೋಡೆ ಬರೀ ಪರದೆ. ಬಾಂಬ್ ಹಾಗಿರಲಿ, ಗೋಡೆಯ ನೆತ್ತಿಗೆ ಹತ್ತು ವರ್ಷ ನೀರು ಇಳಿದರೆ ಸಾಕು, ಅದು ಸೋಲುತ್ತದೆ.

ಇನ್ನು ಕಂಬವಿಲ್ಲದ ಆ ನೆಲದ ವಿಷಯ. ಸಾಲಿನಲ್ಲಿ ನಿಂತ ಒಬ್ಬ ಸೈನಿಕನಿಗೆ ಸುಮಾರು 2 ಅಡಿ ಅಗಲ ಬೇಕು. ನೂರು ಜನರ ಕಂಪನಿ ಎರಡು ಸಾಲಾಗಿ ನಿಂತರೆ ಒಂದು ಸಾಲಿಗೆ 50 ಜನ, ಅಂದರೆ 100 ಅಡಿ. ನಿಮ್ಮ ಹಾಲ್‌ನ 110 ಅಡಿ ಎಲ್ಲಿಂದ ಬಂದಿರಬಹುದೆಂದು ಈಗ ನೀವೇ ಊಹಿಸಬಹುದು. ಅಗಲಕ್ಕೂ ಕಾರಣ ಇದೆ. ಕವಾಯತಿನಲ್ಲಿ ಸಾಲು ಸಾಲೇ ಒಂದು ತುದಿಯನ್ನು ಕೇಂದ್ರ ಮಾಡಿಕೊಂಡು ಬಾಗಿಲಿನ ಹಾಗೆ ತಿರುಗುತ್ತದೆ. 50 ಅಡಿ ಅಗಲವಿದ್ದರೆ ಇಪ್ಪತ್ತೈದು ಜನರ ಸಾಲು ಪೂರ್ತಿ ತಿರುಗಬಹುದು. ನಡುವೆ ಒಂದೇ ಒಂದು ಕಂಬವಿದ್ದರೂ ಸಾಲು ಮುರಿಯಿತು. ರೈಲು ನಿಲ್ದಾಣದ ಸೂರು ಕಟ್ಟುವವರಿಗೂ ಡ್ರಿಲ್ ಹಾಲ್ ಕಟ್ಟುವವರಿಗೂ ಒಂದೇ ತಲೆನೋವು. ನ್ಯೂಯಾರ್ಕಿನ ಪಾರ್ಕ್ ಅವೆನ್ಯೂದಲ್ಲಿ ಸೆವೆಂತ್ ರೆಜಿಮೆಂಟಿನವರು 1880ರ ಹೊತ್ತಿಗೆ ಕಟ್ಟಿಸಿದ, ಸುಮಾರು 200 ಅಡಿಗೆ 300 ಅಡಿಯ ಡ್ರಿಲ್ ಹಾಲ್ ನೋಡಿದರೆ ಈಗಲೇ ಒಂದು ಉಗಿಬಂಡಿ ಬಂದು ನಿಲ್ಲುತ್ತದೇನೋ ಅನ್ನಿಸುತ್ತದೆ. ಕಬ್ಬಿಣದ ಕಮಾನುಗಳ ಕೆಳಗೆ ಅಷ್ಟೂ ಬಯಲು.

ಕಂಬವಿಲ್ಲದೆ ಮಾಡು ನಿಲ್ಲುವುದು ಹೇಗೆ? ನಮ್ಮ ಮಲೆನಾಡಿನ ಹೆಂಚಿನ ಮನೆ ನೆನಪಿಸಿಕೊಳ್ಳಿ. ಎರಡು ಕಡೆಯಿಂದ ಬಂದ ಪಕ್ಕಾಸುಗಳು ನೆತ್ತಿಯಲ್ಲಿ ಒಂದಕ್ಕೊಂದು ಒರಗುತ್ತವೆ. ಹೆಂಚಿನ ಭಾರ ಬಿದ್ದಾಗ ಅವುಗಳ ಬುಡ ಹೊರಕ್ಕೆ ಜಾರಲು ನೋಡುತ್ತದೆ. ಪೇಂಟರ್‌ಗಳ ಎರಡು ಕಾಲಿನ ಏಣಿ ಇದೆಯಲ್ಲ, ಅದರ ಕಾಲುಗಳ ನಡುವೆ ಒಂದು ಹಗ್ಗ ಕಟ್ಟಿರುತ್ತಾರೆ. ಹಗ್ಗ ಕತ್ತರಿಸಿದರೆ ಏಣಿ ಕಾಲು ಕಿಸಿದು ಕೂರುತ್ತದೆ. ನಿಮ್ಮ ಹಾಲ್‌ನಲ್ಲಿ ಅಡ್ಡಕ್ಕೆ ಹಾದಿರುವ ಸರಳುಗಳೇ ಆ ಹಗ್ಗ. ಹೆಬ್ಬೆರಳಿನಷ್ಟು ದಪ್ಪದ ಸರಳು ಇಷ್ಟು ದೊಡ್ಡ ಮಾಡನ್ನು ಹಿಡಿದಿಟ್ಟಿದೆ ಎಂದರೆ ನಂಬುವುದು ಕಷ್ಟ, ಅದಕ್ಕೇ ಜನ ಅದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ಎಳೆತವನ್ನು ತಾಳುವುದರಲ್ಲಿ ಹದಮಾಡಿದ ಕಬ್ಬಿಣಕ್ಕೆ ಮರ ಸಾಟಿಯಲ್ಲ. ಆದ್ದರಿಂದಲೇ ಆ ಕಾಲದವರು ದಪ್ಪ ತೊಲೆ ಬಿಟ್ಟು ತೆಳ್ಳನೆಯ ಸರಳಿಗೆ ಬಂದರು. ಅಗ್ಗವೂ ಆಯಿತು, ತಲೆಯ ಮೇಲೆ ಹಗುರವೂ ಆಯಿತು.

ಬರೀ ಮರದಲ್ಲಿ ಇಂಥ ಸಾಹಸಕ್ಕೆ ಹೋದವರೂ ಇದ್ದಾರೆ. ಮಾಸ್ಕೋದ ಮಾನೇಜ್ ಅಂಥದು. ಕ್ರೆಮ್ಲಿನ್ ಪಕ್ಕದಲ್ಲಿ 1817ರಲ್ಲಿ ಕವಾಯತಿಗೆಂದೇ ಎದ್ದ ಕಟ್ಟಡ. ಸ್ಪೇನಿನಿಂದ ಬಂದ ಎಂಜಿನಿಯರ್ ಬೆತಾಂಕೂರ್ ಅಲ್ಲಿ ಸುಮಾರು 45 ಮೀಟರ್ ಅಗಲವನ್ನು ನಡುವೆ ಒಂದೂ ಕಂಬವಿಲ್ಲದೆ ಮರದ ಟ್ರಸ್‌ಗಳಿಂದಲೇ, ಅಂದರೆ ಮಾಡನ್ನು ಹೊರುವ ತ್ರಿಕೋನ ಚೌಕಟ್ಟುಗಳಿಂದಲೇ ದಾಟಿಸಿದ, ನಿಮ್ಮ ಹಾಲ್‌ನ ಮೂರರಷ್ಟು. ಜಗತ್ತೇ ಬೆರಗಾಯಿತು. ಆದರೆ ಕೆಲವೇ ವರ್ಷಗಳಲ್ಲಿ ಮರ ಒಣಗಿ, ಬಿರಿದು, ಬಾಗಿತು. 1823-24ರಲ್ಲಿ ಟ್ರಸ್‌ಗಳನ್ನೇ ಬದಲಿಸಿ ಮತ್ತೆ ಕಟ್ಟಬೇಕಾಯಿತು. ಹಾಗೆ ರಿಪೇರಿಯಾದ ಮೇಲೆ ಮಾತ್ರ ಅದು 2004ರ ಮಾರ್ಚಿನಲ್ಲಿ ಬೆಂಕಿಗೆ ಆಹುತಿಯಾಗುವವರೆಗೂ ನಿಂತಿತ್ತು. ಕವಾಯತಿನ ಕಟ್ಟಡಗಳ ಚರಿತ್ರೆಯಲ್ಲಿ ನನಗೆ ಬಲು ಇಷ್ಟದ ಪ್ರಸಂಗ ಇದು. ಒಳ್ಳೆಯ ಎಂಜಿನಿಯರ್ ಕೂಡ ಮೊದಲ ಸಲಕ್ಕೇ ಎಲ್ಲವನ್ನೂ ಸರಿಮಾಡಲಿಲ್ಲ ಎಂಬುದು ಯಾಕೋ ಸಮಾಧಾನ ಕೊಡುತ್ತದೆ.

ಆದ್ದರಿಂದ ಸರಳು ತೆಗೆಸುವ ಮಾತನ್ನು ಇಲ್ಲಿಗೇ ಬಿಡಿ. ಕೆಲವು ವರ್ಷದ ಹಿಂದೆ ನಾನು ನೋಡಲು ಹೋದ ಒಂದು ಹಾಲ್‌ನಲ್ಲಿ, ಷಟಲ್ ತಗಲುತ್ತದೆಂದು ಹಿಂದಿನ ಬಾಡಿಗೆದಾರರು ಸಾಲಾಗಿ ಎರಡು ಸರಳು ಕತ್ತರಿಸಿದ್ದರು. ಆ ಕೂಡಲೇ ಏನೂ ಆಗಲಿಲ್ಲ, ಮಾಡಿನ ಹಲಗೆಗಳೂ ಅಕ್ಕಪಕ್ಕದ ಟ್ರಸ್‌ಗಳೂ ಭಾರ ಹಂಚಿಕೊಂಡವು. ನಾಲ್ಕು ಚಳಿಗಾಲ ಕಳೆಯಿತು. ನಾನು ಹೋದಾಗ ಗೋಡೆಯ ನೆತ್ತಿ ಎರಡು ಬೆರಳಗಲ ಹೊರಕ್ಕೆ ಹೋಗಿತ್ತು, ಮಾಡಿನ ನೆತ್ತಿಯ ಗೆರೆ ಹಸುವಿನ ಬೆನ್ನಿನಂತೆ ಬಾಗಿತ್ತು. ಬೀಳದೆ ನಿಂತಿದ್ದೇ ಅದೃಷ್ಟ. ನಿಜವಾಗಿಯೂ ಎತ್ತರ ಬೇಕೆಂದಿದ್ದರೆ ಸರಳಿನ ಕೆಲಸವನ್ನು ಉಕ್ಕಿನ ಹೊಸ ಚೌಕಟ್ಟಿಗೆ ವರ್ಗಾಯಿಸಬಹುದು. ಸಾಧ್ಯವಿಲ್ಲದ ಕೆಲಸವಲ್ಲ. ಆದರೆ ದುಬಾರಿ, ಅಡಿಪಾಯಕ್ಕೆ ಹೊಸ ಭಾರ, ಮೇಲಾಗಿ ಪಟ್ಟಿಯಲ್ಲಿರುವ ಕಟ್ಟಡಕ್ಕೆ ಅಂಥ ಒಪ್ಪಿಗೆ ಸುಲಭವಾಗಿ ಸಿಗುವುದಿಲ್ಲ. ಒಪ್ಪಿಗೆಯಿಲ್ಲದೆ ಕೈಹಾಕಿದರೆ ಇಲ್ಲಿ ಅದು ಬರೀ ದಂಡ ಕಟ್ಟುವ ತಪ್ಪಲ್ಲ, ಕ್ರಿಮಿನಲ್ ಅಪರಾಧ. ಬ್ಯಾಡ್ಮಿಂಟನ್ ಆಡುವ ಹುಡುಗರಿಗೆ ನನ್ನ ಸಹಾನುಭೂತಿಯಿದೆ. ಲೆಷರ್ ಸೆಂಟರ್‌ಗೆ ಹೋಗಲಿ.

ಹೊರಗಿನ ಗೋಡೆಯಲ್ಲಿ ಎಕ್ಸ್ ಅಥವಾ ಎಸ್ ಆಕಾರದ, ಇಲ್ಲವೇ ತಟ್ಟೆಯಂಥ ಕಬ್ಬಿಣದ ಬಿಲ್ಲೆಗಳಿವೆಯೇ ನೋಡಿ. ಅವು ರೆಜಿಮೆಂಟಿನ ಲಾಂಛನವೆಂದು ಬಹಳ ಜನ ತಿಳಿದಿದ್ದಾರೆ. ಒಳಗಿನ ಸರಳಿನ ತುದಿಗೆ ಹಾಕಿದ ಬಿಗಿ ಅದು, ಗುಂಡಿಯ ಹಿಂದಿನ ಗಂಟಿನಂತೆ. ಎಲ್ಲ ಸರಳುಗಳಿಗೂ ಕಟ್ಟುವಾಗಲೇ ಬಿಲ್ಲೆಯಿದ್ದರೆ ಸರಿ. ಒಂದೆರಡಕ್ಕೆ ಮಾತ್ರ ಇದ್ದು, ಸುತ್ತಲಿನ ಇಟ್ಟಿಗೆ ಬೇರೆ ಬಣ್ಣದ್ದಾಗಿದ್ದರೆ, ಗೋಡೆ ಹಿಂದೆ ಯಾವಾಗಲೋ ಸರಿದಿತ್ತು, ಯಾರೋ ಹಿಡಿದು ಕಟ್ಟಿದ್ದಾರೆ ಎಂದರ್ಥ.

ಈಗ ಉಬ್ಬು. ಉಬ್ಬಿದ ಗೋಡೆ ಕಂಡರೆ ಎಲ್ಲರೂ ಮಾಡನ್ನು ಬಯ್ಯುತ್ತಾರೆ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಅಪರಾಧಿ ದಂಬೆ, ಮಾಡಿನ ನೀರು ಹರಿದು ಹೋಗುವ ಕಾಲುವೆ. ಅಡಿಕೆ ದಂಬೆ ತುಂಬಿ ಹರಿದರೆ ನೀರು ಅಂಗಳಕ್ಕೆ ಬೀಳುತ್ತದೆ, ಯಾರಿಗೂ ನಷ್ಟವಿಲ್ಲ. ಇಲ್ಲಿ ದಂಬೆಯನ್ನು ಗೋಡೆಯ ನೆತ್ತಿಯ ಹಿಂದೆ, ಕಣ್ಣಿಗೆ ಕಾಣದಂತೆ ಅಡಗಿಸಿದ್ದಾರೆ. ಎಲೆ, ಪಾರಿವಾಳದ ಗೂಡು ಸೇರಿ ಕಟ್ಟಿಕೊಂಡರೆ ನೀರು ನೇರ ಗೋಡೆಯ ಹೊಟ್ಟೆಗೆ. ಅಲ್ಲೇ ಇಟ್ಟಿಗೆಯೊಳಗೆ ಟ್ರಸ್‌ನ ತುದಿ ಕೂತಿದೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ, ಜಾಕ್ ಹಾಕಿದಂತೆ ಇಟ್ಟಿಗೆಯನ್ನು ಮೇಲಕ್ಕೂ ಹೊರಕ್ಕೂ ತಳ್ಳುತ್ತದೆ. ಹಾಲ್‌ನ ನಡುವೆ ಕಾಣುವ ತುಕ್ಕು ನೋಡಿ ನೀವು ಹೆದರಿದ್ದೀರಿ, ಅದು ಬಹುಪಾಲು ಮೇಲುಮೇಲಿನದು, ಉಜ್ಜಿ ಬಣ್ಣ ಬಳಿದರೆ ಮುಗಿಯಿತು. ಗೋಡೆಯೊಳಗೆ ಹೂತ, ಕಾಣದ ಒಂದಡಿಯಲ್ಲಿದೆ ನಿಜವಾದ ಪ್ರಶ್ನೆ. ಎರಡು ಮೂರು ಕಡೆ ಇಟ್ಟಿಗೆ ಬಿಚ್ಚಿಸಿ ನೋಡದೆ ಯಾವ ಎಂಜಿನಿಯರ್ ಕೂಡ ಮಾಡಿನ ಬಗ್ಗೆ ಭರವಸೆ ಕೊಡಲಾರ. ಕೊಟ್ಟರೆ ನಂಬಬೇಡಿ.

ಗೋಡೆಯ ಇನ್ನೊಂದು ಶತ್ರು ಸಿಮೆಂಟು. ಮೂಲದಲ್ಲಿ ಸುಣ್ಣದ ಗಾರೆ, ಅದು ಒದ್ದೆಯಾಗುತ್ತದೆ, ಮತ್ತೆ ಒಣಗುತ್ತದೆ. ಮಧ್ಯದಲ್ಲಿ ಯಾರಾದರೂ ಸಂದುಗಳಿಗೆ ಗಟ್ಟಿ ಸಿಮೆಂಟ್ ತುಂಬಿಸಿದ್ದರೆ ಒಳಗಿನ ನೀರಿಗೆ ಹೊರಬರಲು ದಾರಿಯಿಲ್ಲ, ಹಿಮ ಬಿದ್ದಾಗ ಇಟ್ಟಿಗೆಯ ಮುಖವೇ ಉದುರುತ್ತದೆ. ರಿಪೇರಿ ಸುಣ್ಣದಲ್ಲೇ ಆಗಬೇಕು.

ಉಬ್ಬು ಹಳೆಯದೋ ಬೆಳೆಯುತ್ತಿದೆಯೋ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಗೋಡೆಗೆ ಗುರುತಿನ ಮೊಳೆ ಹೊಡೆದು ಒಂದಿಡೀ ವರ್ಷ, ಬೇಸಿಗೆ ಚಳಿಗಾಲ ಎರಡನ್ನೂ ನೋಡಿ ಅಳೆಯಬೇಕು. ಬೀಳುತ್ತದೆಂದು ಎಲ್ಲರೂ ಹೇಳಿದ್ದ ಒಂದು ಗೋಡೆಯನ್ನು ಹದಿನಾಲ್ಕು ತಿಂಗಳು ಅಳೆದಿದ್ದೇನೆ. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಬಹುಶಃ ಯಾವ ಕಾಲದಿಂದಲೋ ಹಾಗೇ ಇತ್ತು. ದಂಬೆ ಸರಿಮಾಡಿ, ಸಂದು ತುಂಬಿ ಬಿಟ್ಟೆವು. ಮಾರುವವರು ಒಂದು ವರ್ಷ ಕಾಯುವುದಿಲ್ಲ ಎಂಬುದು ನನಗೂ ಗೊತ್ತು. ಹಾಗಿದ್ದರೆ ಆ ಅನುಮಾನದ ಬೆಲೆಯನ್ನು ಖರೀದಿಯ ಬೆಲೆಯಲ್ಲಿ ಕಳೆಯಿರಿ.

ಸೋರುವುದಕ್ಕೆ ಕಾರಣವೂ ಸ್ಲೇಟ್ ಕಲ್ಲು ಹಾಳಾದದ್ದೇ ಇರಬೇಕೆಂದಿಲ್ಲ. ವೇಲ್ಸಿನ ಒಳ್ಳೆಯ ಸ್ಲೇಟು ನೂರು ವರ್ಷ ದಾಟಿಯೂ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ಹಿಡಿದ ಮೊಳೆ ಸಾಯುತ್ತದೆ. ಒಂದೊಂದೇ ಜಾರಲು ಶುರುವಾದರೆ ಉಳಿದ ಮೊಳೆಗಳೂ ಅದೇ ವಯಸ್ಸಿನವೇ. ಆಗ ಅಲ್ಲಲ್ಲಿ ತೇಪೆ ಹಾಕುವುದು ದುಡ್ಡು ದಂಡ. ಸ್ಲೇಟುಗಳನ್ನೆಲ್ಲ ಇಳಿಸಿ, ತಟ್ಟಿ ನೋಡಿ, ಒಳ್ಳೆಯವನ್ನು ತಾಮ್ರದ ಮೊಳೆಯಲ್ಲಿ ಮತ್ತೆ ಹೊದಿಸುವುದೇ ಕೊನೆಗೆ ಅಗ್ಗ. ಹೇಗೂ ಸ್ಕ್ಯಾಫೋಲ್ಡಿಂಗ್ ಕಟ್ಟುವ ಖರ್ಚು ಒಂದೇ, ಅದೇ ಹೊತ್ತಿಗೆ ದಂಬೆಯನ್ನೂ ಟ್ರಸ್ ತುದಿಯನ್ನೂ ಮುಗಿಸಿಬಿಡಿ.

ಫೋಮ್ ಹೊಡೆಯುವವರನ್ನು ಗೇಟಿನಿಂದಲೇ ವಾಪಸು ಕಳಿಸಿ. ಸ್ಲೇಟಿನ ಅಡಿಗೆ ಅಂಟಿದ ಫೋಮು ನೀರನ್ನು ತಡೆಯುವುದಿಲ್ಲ, ಒಳಗೇ ಹಿಡಿದಿಡುತ್ತದೆ. ರೀಪು ಕೊಳೆಯುವುದು ಕಾಣುವುದೇ ಇಲ್ಲ. ಸ್ಲೇಟುಗಳನ್ನು ಮತ್ತೆ ಬಳಸುವ ಆಸೆಯೂ ಮಣ್ಣುಪಾಲು. ಮುಂದೆ ಸಾಲಕ್ಕೋ ವಿಮೆಗೋ ಹೋದಾಗ ಅದೊಂದು ತಕರಾರು.

ಫಾಲ್ಸ್ ಸೀಲಿಂಗ್ ವಿಚಾರದಲ್ಲಿ ನಿಮ್ಮ ಬಯಕೆ ನ್ಯಾಯವಾದದ್ದೇ. ಜನವರಿಯ ಸಂಕ್ರಾಂತಿಗೆ ರೇಷ್ಮೆ ಸೀರೆಯ ಮೇಲೆ ಕೋಟು ಹಾಕಿಕೊಂಡು ಕೂರುವ ಕಷ್ಟ ನಮ್ಮ ಮನೆಯವರಿಗೂ ಗೊತ್ತು. ಆದರೆ ಆ ಮಾಡಿನ ನೆತ್ತಿಯಲ್ಲಿ ಉದ್ದಕ್ಕೂ ಗಾಜಿನ ಗೂಡೊಂದು ಇರಬೇಕು, ಪಕ್ಕದಲ್ಲಿ ಗಾಳಿಕಂಡಿ ಸಮೇತ. ಅಕ್ಕಪಕ್ಕದಲ್ಲಿ ಬೇರೆಯವರ ಜಾಗ, ಗೋಡೆಗೆ ಕಿಟಕಿ ಇಡುವಂತಿಲ್ಲ, ಹಾಗಾಗಿ ಬೆಳಕನ್ನು ಮೇಲಿಂದ ತಂದರು. ಗ್ಯಾಸ್ ದೀಪದ ಹೊಗೆ, ನೂರು ಜನರ ಬೆವರು ಹೊರಹೋಗಲು ಕಂಡಿ. ಕೆಳಗೆ ಸೀಲಿಂಗ್ ಹಾಕಿ ಮುಚ್ಚಿದರೆ ಮುನ್ನೂರು ಜನರ ಉಸಿರಿನ ತೇವ ಸಂದುಗಳಿಂದ ಮೇಲೇರಿ ತಣ್ಣನೆಯ ಕಬ್ಬಿಣದ ಮೇಲೆ ಹನಿಯಾಗುತ್ತದೆ. ತುಕ್ಕು ಹೆಚ್ಚುತ್ತದೆ, ಕಾಣುವುದೂ ಇಲ್ಲ. ಟ್ರಸ್‌ಗೆ ಲೆಕ್ಕವಿಲ್ಲದ ಭಾರ ಬೇರೆ. ಇಷ್ಟು ದೊಡ್ಡ ಗಾಳಿಯನ್ನು ಬಿಸಿಮಾಡುವ ಹಟ ಬಿಟ್ಟು ಜನರನ್ನು ಬಿಸಿಮಾಡಿ. ಮೇಲಿನಿಂದ ಕಾವು ಬೀರುವ ಪ್ಯಾನೆಲ್‌ಗಳು ಬೇಕಾದಾಗ ಬೇಕಾದ ಕಡೆ ಮಾತ್ರ ಉರಿಯುತ್ತವೆ. ಅವನ್ನೂ ಆದಷ್ಟು ಗೋಡೆಕಂಬಕ್ಕೆ ತೂಗಿಸಿ. ಯಕ್ಷಗಾನದ ಲೈಟುಗಳಿಗೂ ಅದೇ ಮಾತು, ನೆಲದಿಂದ ಎದ್ದ ಸ್ಟ್ಯಾಂಡು ಸಾಕು, ಸರಳಿಗೆ ಒಂದು ಬಲ್ಬನ್ನೂ ಕಟ್ಟಬೇಡಿ.

ಪ್ರತಿಧ್ವನಿಯ ಬಗ್ಗೆ ನೀವು ಕೇಳಲಿಲ್ಲ, ಆದರೆ ಮೊದಲ ರಾಜ್ಯೋತ್ಸವದ ದಿನವೇ ಕೇಳುತ್ತೀರಿ. ಬರಿಯ ಇಟ್ಟಿಗೆ, ಎತ್ತರದ ಮಾಡು. ಒಂದೇ ಪದದ ಆಜ್ಞೆ ಕೂಗಲು ಹೇಳಿ ಮಾಡಿಸಿದ ಜಾಗ, ಅಧ್ಯಕ್ಷೀಯ ಭಾಷಣಕ್ಕಲ್ಲ. ಗೋಡೆಗೆ ದಪ್ಪ ಪರದೆ, ಉಣ್ಣೆಯ ಹಾಸು ತೂಗಿಸಿದರೆ ಅರ್ಧ ಕಡಿಮೆಯಾಗುತ್ತದೆ. ಭಾಷಣ ಚಿಕ್ಕದು ಮಾಡಿದರೆ ಇನ್ನರ್ಧ. ನೆಲವನ್ನೂ ನೋಡಿ. ಹಲಗೆಯ ಅಡಿ ಟೊಳ್ಳಿದ್ದರೆ ಭರತನಾಟ್ಯದ ಮಕ್ಕಳಿಗೆ ವರ. ಕಾಂಕ್ರೀಟಿನ ಮೇಲೆ ಡಾಂಬರು ಹಾಕಿ ಕೂರಿಸಿದ ಮರದ ತುಂಡುಗಳಾದರೆ ನೋಡಲು ಚೆಂದ, ಮಂಡಿಗೆ ಕಷ್ಟ, ನೀರು ಕುಡಿದರೆ ದಿಣ್ಣೆಯಂತೆ ಏಳುತ್ತವೆ.

ಇನ್ನು ಆ ಕೋಣೆ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ (1899-1902) ಬ್ರಿಟಿಷರಿಗೆ ತಮ್ಮವರ ಗುರಿಯ ಬಗ್ಗೆ ನಾಚಿಕೆಯಾಗುವಂಥ ಪಾಠವಾಯಿತು. ಅದರ ನಂತರ ಸಣ್ಣ ಗುಂಡಿನ ರೈಫಲ್ಲಿನಲ್ಲಿ ಒಳಾಂಗಣ ಅಭ್ಯಾಸ ಮಾಡುವ ರೂಢಿ ದೇಶದ ತುಂಬ ಹಬ್ಬಿತು. ಡ್ರಿಲ್ ಹಾಲ್‌ಗಳ ಪಕ್ಕಕ್ಕೆ ಸುಮಾರು 25 ಗಜದ, ಅಂದರೆ 23 ಮೀಟರ್‌ನ ಕಿರಿದಾದ ಕೋಣೆಗಳು ಹುಟ್ಟಿಕೊಂಡವು. ಒಂದು ತುದಿಯಲ್ಲಿ ಉಕ್ಕಿನ ತಗಡು ಅಥವಾ ಮರಳಿನ ಗುಡ್ಡೆ ಇರುತ್ತದೆ. ಗುಂಡು ಸೀಸದ್ದು. ಅದು ತಗಡಿಗೆ ಬಡಿದು ಪುಡಿಯಾಗುತ್ತದೆ, ಗುಂಡಿನ ಬುಡ ಸಿಡಿಯುವ ಮದ್ದಿನಲ್ಲೂ ಸೀಸವಿದೆ. ದಶಕಗಟ್ಟಲೆ ನಡೆದ ಅಭ್ಯಾಸದ ಆ ನುಣ್ಣನೆಯ ಧೂಳು ಎಲ್ಲೂ ಹೋಗಿರುವುದಿಲ್ಲ. ನೆಲದ ಬಿರುಕಿನಲ್ಲಿ, ಕಿಟಕಿಯ ಅಂಚಿನಲ್ಲಿ, ತೊಲೆಯ ಮೇಲೆ ಕೂತಿರುತ್ತದೆ. ನೆಲದ ಮೇಲೆ ಕುಳಿತು ಅಕ್ಷರ ತಿದ್ದುವ, ಬೆರಳು ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿಗೆ ಅದು ವಿಷ. ಇಷ್ಟು ಸೀಸವಾದರೆ ಪರವಾಗಿಲ್ಲ ಎಂಬ ಸುರಕ್ಷಿತ ಮಟ್ಟವೇ ಮಕ್ಕಳ ಮಟ್ಟಿಗೆ ಇಲ್ಲ, ಬೆಳೆಯುವ ಮಿದುಳಿಗೇ ಏಟು.

ಉತ್ಸಾಹಿ ತಾಯಂದಿರು ತಂದೆಯಂದಿರು ಸೇರಿ ಒಂದು ಭಾನುವಾರ ಗುಡಿಸಿ ತೊಳೆಯೋಣ ಅನ್ನಬಹುದು. ದಯವಿಟ್ಟು ಬೇಡ. ಪೊರಕೆಯೂ ಮನೆಯ ವ್ಯಾಕ್ಯೂಮೂ ಕೂತ ಧೂಳನ್ನು ಎಬ್ಬಿಸಿ ಇಡೀ ಕಟ್ಟಡಕ್ಕೆ ಹಂಚುತ್ತವೆ, ಚಪ್ಪಲಿಗೆ ಅಂಟಿ ಮನೆಗೂ ಬರುತ್ತದೆ. ಬಾಗಿಲಿಗೆ ಬೀಗ ಹಾಕಿ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸುವ ಪರೀಕ್ಷೆ ದೊಡ್ಡ ಖರ್ಚಿನದಲ್ಲ, ಕೊಳ್ಳುವ ಮುಂಚೆಯೇ ಮಾಡಿಸಿ. ಸೀಸ ಸಿಕ್ಕರೆ ಮೂರು ದಾರಿಯಿದೆ. ಪರಿಣತ ತಂಡದಿಂದ ಪೂರ್ತಿ ಶುದ್ಧಿ ಮಾಡಿಸಿ ಮತ್ತೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಬಳಸುವುದು ಒಂದು. ಶುದ್ಧಿ ಮಾಡಿಸಿಯೂ ಉಗ್ರಾಣಕ್ಕಷ್ಟೇ ಬಿಡುವುದು ಇನ್ನೊಂದು. ಹಣವಿಲ್ಲದಿದ್ದರೆ ಮುಚ್ಚಿ ಮೊಹರು ಮಾಡಿ ಫಲಕ ಹಾಕಿಡುವುದು ಮೂರನೆಯದು. ಮೊದಲನೆಯದನ್ನು ಮಾಡಿಸಿದರೂ ಮಕ್ಕಳ ತರಗತಿಗೆ ಮುಂಭಾಗದ ಕಟ್ಟಡದ ಮೇಲಿನ ಕೋಣೆಯೇ ಇರಲಿ ಎನ್ನುವವನು ನಾನು. ಅಲ್ಲಿ ಒಂದು ಕಾಲಕ್ಕೆ ಅಧಿಕಾರಿಗಳ ಕೋಣೆಗಳಿದ್ದವು. ಬೆಂಕಿಗೂಡು, ದೊಡ್ಡ ಕಿಟಕಿ, ಬೆಳಕು ಎಲ್ಲ ಇರುತ್ತವೆ. ಆಸ್ಬೆಸ್ಟಾಸ್ ಕೂಡ ಹುಡುಕಿಸಿ. ಮೂಲ ಕಟ್ಟಡದಲ್ಲಿ ಇರಲಿಕ್ಕಿಲ್ಲ, ಆದರೆ ನಂತರ ಸೇರಿಸಿದ ಗ್ಯಾರೇಜಿನ ಶೀಟು, ಬಾಯ್ಲರ್ ಪೈಪಿನ ಸುತ್ತು ಇವೆಲ್ಲ ಅನುಮಾನದವೇ. ಈ ದೇಶದಲ್ಲಿ ಅದರ ಮೇಲೆ ಪೂರ್ತಿ ನಿಷೇಧ ಬಿದ್ದದ್ದು 1999ರಲ್ಲಿ.

ಹಾಗಾದರೆ ಕೊಳ್ಳಬಹುದೇ? ಸಂಘದ ಜಾಗದಲ್ಲಿ ನಾನಿದ್ದರೆ ಈಗಲೇ ಹೌದೂ ಅನ್ನುತ್ತಿರಲಿಲ್ಲ, ಅಲ್ಲವೂ ಅನ್ನುತ್ತಿರಲಿಲ್ಲ. ಹಳೆಯ ಕಟ್ಟಡಗಳಲ್ಲಿ ನುರಿತ ಎಂಜಿನಿಯರ್ ಒಬ್ಬರಿಂದ ಟ್ರಸ್ ತುದಿ ಬಿಚ್ಚಿ ನೋಡಿದ ವರದಿ, ಸೀಸದ ಪರೀಕ್ಷೆ, ಆಸ್ಬೆಸ್ಟಾಸ್ ಸರ್ವೆ ಮೂರೂ ಕೈಗೆ ಬರುವ ತನಕ ಮುಂಗಡ ಕೊಡುತ್ತಿರಲಿಲ್ಲ. ವರದಿ ಪರವಾಗಿಲ್ಲ ಎನ್ನುವಂತಿದ್ದರೆ ಖರೀದಿ ಮಾಡಿ ಹಂತಹಂತವಾಗಿ ಹೋಗುವುದು ಒಳ್ಳೆಯದು. ಮೊದಲು ಮಾಡು ಮತ್ತು ದಂಬೆ, ಜೊತೆಗೆ ಮುಂಭಾಗದ ಎರಡು ಕೋಣೆ ಬಳಸುವ ಸ್ಥಿತಿಗೆ ತರುವುದು. ದೊಡ್ಡ ಹಾಲ್ ಕಾಯಲಿ. ಇದರ ಅಪಾಯ, ಉತ್ಸಾಹ ಮೂರನೇ ವರ್ಷಕ್ಕೆ ಬತ್ತುವುದು. ಸಮಿತಿ ಬದಲಾಗುತ್ತದೆ, ಮಾಡು ಬದಲಾಗುವುದಿಲ್ಲ.

ಕೊಳ್ಳುವ ಬದಲು ದೀರ್ಘ ಲೀಸ್ ಕೊಡುತ್ತೇವೆಂದು ಮಾರುವವರು ಹೇಳಬಹುದು. ಕೇಳಲು ಹಗುರ. ಕರಾರಿನಲ್ಲಿ ದುರಸ್ತಿಯ ಪೂರ್ತಿ ಹೊಣೆ ಬಾಡಿಗೆದಾರರದು ಎಂಬ ಸಾಲು ಇದ್ದರೆ, ಕಟ್ಟಡ ಅವರದು, ಸೋರುವ ಮಾಡು ನಿಮ್ಮದು. ಅಂಥ ಲೀಸ್‌ಗಿಂತ ಬಾಡಿಗೆ ಹಾಲ್ ಹುಡುಕುವ ಈಗಿನ ಪಾಡೇ ಮೇಲು. ಟ್ರಸ್ ತುದಿಗಳು ಅರ್ಧಕ್ಕರ್ಧ ಹೋಗಿವೆ ಎಂದು ವರದಿ ಬಂದರೆ, ದೊಡ್ಡ ಅನುದಾನ ಕೈಯಲ್ಲಿಲ್ಲದೆ ಅರವತ್ತು ಮನೆಯವರು ಅದಕ್ಕೆ ಹೆಗಲು ಕೊಡಬಾರದು. ಮನಸ್ಸಿಗೆ ಬೇಸರವಾದರೂ ಬಿಟ್ಟು ಬನ್ನಿ.

ಇಂಥ ಕಟ್ಟಡಗಳು ಹೊಸ ಬದುಕಿಗೆ ಒಗ್ಗುವುದಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಬೇಡಿ. ಲಂಡನ್ನಿನ ಚೆನೀಸ್ (Chenies) ಸ್ಟ್ರೀಟ್‌ನಲ್ಲಿ 1880ರ ದಶಕದಲ್ಲಿ ಬ್ಲೂಮ್ಸ್‌ಬರಿ ರೈಫಲ್ಸ್ ಪಡೆಗೆ ಕಟ್ಟಿದ ಹಾಲ್ ಆಮೇಲೆ ರಂಗಮಂದಿರವಾಯಿತು. ಲಂಡನ್ ಸ್ಕಾಟಿಷ್ ಪಡೆಯವರು ಬಕಿಂಗ್‌ಹ್ಯಾಮ್ ಗೇಟ್‌ನಲ್ಲಿದ್ದ ತಮ್ಮ ಹಾಲ್‌ನ ಕಬ್ಬಿಣದ ಮೈಯನ್ನು 1980ರ ದಶಕದಲ್ಲಿ ಬಿಚ್ಚಿ, ಹಾರ್ಸ್‌ಫೆರಿ ರಸ್ತೆಯ ಹೊಸ ಕಟ್ಟಡದೊಳಗೆ ಮತ್ತೆ ಜೋಡಿಸಿಕೊಂಡರು. ಕಾರ್ಖಾನೆಯಲ್ಲಿ ಎರಕ ಹೊಯ್ದು, ತಂದು ಬೋಲ್ಟ್ ಹಾಕಿ ನಿಲ್ಲಿಸುವುದು ಆ ಕಾಲದ ಕಬ್ಬಿಣದ ಗುಣ. 1889ರಲ್ಲಿ ಅಡಿಗಲ್ಲು ಹಾಕಿದ ನಮ್ಮ ಲಾಲ್‌ಬಾಗಿನ ಗಾಜಿನ ಮನೆಯೂ ಅದೇ ಪೀಳಿಗೆಯದು. ನಿಮ್ಮ ಹಾಲ್‌ಗೂ ಹೊಸತೇನೂ ಆಗಬೇಕಿಲ್ಲ. ಕಟ್ಟಿದ ಕಾಲದಿಂದಲೂ ಇಂಥ ಹಾಲ್‌ಗಳನ್ನು ನೃತ್ಯಕ್ಕೆ, ಸಂಗೀತಕ್ಕೆ, ಹೂವಿನ ಪ್ರದರ್ಶನಕ್ಕೆ ಬಾಡಿಗೆಗೆ ಕೊಟ್ಟೇ ಪಡೆಗಳು ಸಾಲ ತೀರಿಸುತ್ತಿದ್ದವು.

ಒಳಗೆ ಎಲ್ಲಾದರೂ ಹೆಸರುಗಳ ಫಲಕ ಇದ್ದರೆ ಅದನ್ನು ಇದ್ದಲ್ಲೇ ಬಿಡಿ. 1914ರ ಆಗಸ್ಟಿನಲ್ಲಿ ಊರಿನ ಹುಡುಗರು ಯುದ್ಧಕ್ಕೆ ಹೊರಡಲು ಬಂದು ಸೇರಿದ್ದು ಇಂಥ ನೆಲದ ಮೇಲೆಯೇ. ಇಂಥ ಡ್ರಿಲ್ ಹಾಲ್‌ಗಳಿಂದ ಹೊರಟ ದಕ್ಷಿಣ ಇಂಗ್ಲೆಂಡಿನ ಕೆಲವು ಸೈಕಲ್ ಬೆಟಾಲಿಯನ್‌ಗಳು 1916ರಲ್ಲಿ ನಮ್ಮ ಬೆಂಗಳೂರಿನ ದಂಡಿನಲ್ಲಿ ಬೀಡುಬಿಟ್ಟಿದ್ದವು. ಊರಿನ ಹಳಬರನ್ನು ಕರೆದು ಆ ಫಲಕದ ಮುಂದೆ ಒಂದು ದೀಪ ಹಚ್ಚಿಸಿದರೆ, ಮುಂದೆ ಅನುದಾನಕ್ಕೋ ಒಪ್ಪಿಗೆಗೋ ನೀವು ಹಾಕುವ ಅರ್ಜಿಯ ಪರವಾಗಿ ಮಾತಾಡುವವರು ಊರಲ್ಲೇ ಸಿಗುತ್ತಾರೆ.

ಮುಂದಿನ ಸಲ ನೋಡಲು ಹೋಗುವಾಗ ಬಿಸಿಲಿನ ದಿನ ಆರಿಸಬೇಡಿ. ಚೆನ್ನಾಗಿ ಮಳೆ ಹೊಡೆಯುವ ದಿನ ಒಂದು ಟಾರ್ಚು, ಒಂದು ಬೈನಾಕ್ಯುಲರ್ ತೆಗೆದುಕೊಂಡು ಹೋಗಿ. ಉಬ್ಬಿದ ಗೋಡೆಯ ಹೊರಗೆ ನಿಂತು, ದಂಬೆಯಿಂದ ನೀರು ಕೊಳವೆಗೆ ಇಳಿಯುತ್ತಿದೆಯೋ ಇಟ್ಟಿಗೆಯ ಮೇಲೆ ಹರಿಯುತ್ತಿದೆಯೋ ನೋಡಿ. ಆಮೇಲೆ ಒಳಗೆ ಬಂದು, ಪ್ರತಿ ಟ್ರಸ್ ಗೋಡೆಗೆ ಸೇರುವಲ್ಲಿ ಕಂದು ಬಣ್ಣದ ಕಲೆ ಎಷ್ಟಿವೆ ಎಂದು ಎಣಿಸಿ. ಆ ಸಂಖ್ಯೆಯನ್ನೂ ಫೋಟೋಗಳನ್ನೂ ನನಗೆ ಕಳಿಸಿ, ಎಂಜಿನಿಯರ್‌ಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದು ಕೊಡುತ್ತೇನೆ.